ಪದ ಪರಿಚಯ: ವಿಧಾನ ಹೋಲಿಕೆ

ರಕ್ತದ ಗ್ಲೂಕೋಸ್ ಅಳೆಯುವ ಹೊಸ ವಿಧಾನವೊಂದು ಪ್ರಯೋಗಾಲಯಕ್ಕೆ ಬಂದಾಗ, ಈಗಾಗಲೇ ನಂಬಿಕೆ ಗಳಿಸಿರುವ ವಿಧಾನದ ಪಕ್ಕದಲ್ಲಿ ಅದನ್ನಿಟ್ಟು, ಒಂದೇ ಮಾದರಿಯನ್ನು ಎರಡರಲ್ಲೂ ಅಳೆದು ನೋಡುವುದಕ್ಕೆ 'ವಿಧಾನ ಹೋಲಿಕೆ' ಎನ್ನುತ್ತಾರೆ. ಇದಕ್ಕೆ ಕನಿಷ್ಠ 40 ರೋಗಿಗಳ ಮಾದರಿಗಳು ಬೇಕೆಂಬುದು ರೂಢಿ; ಅವು ತೀರ ಕಡಿಮೆ ಸಕ್ಕರೆಯಿಂದ ತೀರ ಹೆಚ್ಚಿನ ಸಕ್ಕರೆಯವರೆಗೆ ಹರಡಿರಬೇಕು.

ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಜಿಒಡಿ-ಪಿಒಡಿ ವಿಧಾನದಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವವು ಗ್ಲೂಕೋಸನ್ನು ಉತ್ಕರ್ಷಿಸಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಪೆರಾಕ್ಸಿಡೇಸ್ ಅದನ್ನು ಬಳಸಿ ಗುಲಾಬಿ ಬಣ್ಣ ತರಿಸುತ್ತದೆ, ಆ ಬಣ್ಣದ ಗಾಢತೆಯನ್ನು 505 ನ್ಯಾನೋಮೀಟರ್ ಆಸುಪಾಸಿನಲ್ಲಿ ಓದುತ್ತಾರೆ. ಮಾದರಿಯಲ್ಲಿ ವಿಟಮಿನ್ ಸಿ ಹೆಚ್ಚಿದ್ದರೆ ಅದು ಪೆರಾಕ್ಸೈಡನ್ನು ನಡುವೆಯೇ ಕಬಳಿಸುವುದರಿಂದ ಬಣ್ಣ ತೆಳುವಾಗಿ, ಸಕ್ಕರೆ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಹೆಕ್ಸೋಕೈನೇಸ್ ಎಂಬ ಬೇರೊಂದು ಕಿಣ್ವವನ್ನು ಬಳಸಿ 340 ನ್ಯಾನೋಮೀಟರ್‌ನಲ್ಲಿ ಓದುವ ವಿಧಾನಕ್ಕೆ ಈ ತೊಡಕು ಅಷ್ಟಾಗಿ ತಟ್ಟದು. ಹಾಗಾಗಿ ಹೋಲಿಕೆಯಲ್ಲಿ ಅದನ್ನೇ ಹೆಚ್ಚಾಗಿ ಅಳತೆಗೋಲಾಗಿ ಹಿಡಿಯುತ್ತಾರೆ.

ಬಂದ ಅಂಕಿಗಳನ್ನು ಓದುವಲ್ಲಿಯೇ ಹಲವರು ಎಡವುತ್ತಾರೆ. 'ಎರಡು ವಿಧಾನಗಳ ಸಹಸಂಬಂಧ ಗುಣಾಂಕ 0.99' ಎಂದು ವರದಿಯಲ್ಲಿ ಬರೆದು ಕೈತೊಳೆದುಕೊಳ್ಳುವ ಅಭ್ಯಾಸ ಇನ್ನೂ ಹೋಗಿಲ್ಲ. ಎರಡು ಅಳತೆಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬುದನ್ನಷ್ಟೇ ಹೇಳುವ ಅಂಕಿ ಅದು; 1 ಎಂದರೆ ಪೂರ್ತಿ ಒಟ್ಟಿಗೆ. ಹೊಸ ವಿಧಾನವು ಪ್ರತಿ ಮಾದರಿಯಲ್ಲೂ ಸರಿಯಾಗಿ ಶೇ. 10ರಷ್ಟು ಹೆಚ್ಚು ತೋರಿಸಿದರೂ ಈ ಗುಣಾಂಕ 1 ಆಗಿಯೇ ಬರುತ್ತದೆ, ಆದರೆ ಖಾಲಿಹೊಟ್ಟೆಯಲ್ಲಿ 120 ಇದ್ದವರ ಚೀಟಿಯಲ್ಲಿ 132 ಎಂದಿರುತ್ತದೆ. ಮಧುಮೇಹದ ಗಡಿ ಡೆಸಿಲೀಟರಿಗೆ 126 ಮಿಲಿಗ್ರಾಂ ಆಗಿರುವಾಗ ಇದು ಸಣ್ಣ ವ್ಯತ್ಯಾಸವಲ್ಲ. ಹೀಗೆ ಒಂದೇ ದಿಕ್ಕಿಗೆ ಸರಿಯುವ ದೋಷವೇ 'ಬಯಾಸ್'. ಕನ್ನಡದಲ್ಲಿ ವಾಲಿಕೆ ಎನ್ನಬಹುದು, ತಕ್ಕಡಿಯ ನೆನಪು ತರುವ ಆ ಪದವೇ ನನಗೆ ಹೆಚ್ಚು ಇಷ್ಟ. ಸಂಖ್ಯಾಶಾಸ್ತ್ರಜ್ಞರಾದ ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವಿವರಿಸಿದ ಕ್ರಮವು ಇದನ್ನು ನೇರವಾಗಿ ಬಯಲು ಮಾಡುತ್ತದೆ: ಪ್ರತಿ ಮಾದರಿಯ ಎರಡು ಅಳತೆಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯ ಎದುರು ಗುರುತಿಸಿದರೆ, ವಾಲಿಕೆ ಎಷ್ಟು, ಅದು ಸಕ್ಕರೆ ಏರಿದಂತೆ ಬೆಳೆಯುತ್ತದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ.

ಇಷ್ಟಾದರೂ, ದೋಷ ಯಂತ್ರದ್ದಾಗಿರದೆ ಟ್ಯೂಬಿನದ್ದೂ ಆಗಿರಬಹುದು. ಬೇರ್ಪಡಿಸದೆ ಇಟ್ಟ ರಕ್ತದಲ್ಲಿ ಕೋಶಗಳು ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಶೇ. 5ರಿಂದ 7ರಷ್ಟು ಗ್ಲೂಕೋಸನ್ನು ಬಳಸಿಕೊಳ್ಳುತ್ತವೆ. ಬೂದು ಮುಚ್ಚಳದ ಟ್ಯೂಬಿನ ಫ್ಲೋರೈಡ್ ಇದನ್ನು ತಡೆಯುತ್ತದೆ, ಆದರೆ ಅದರ ಪರಿಣಾಮ ಪೂರ್ತಿ ಹಿಡಿಯಲು ಗಂಟೆಗೂ ಹೆಚ್ಚು ಬೇಕು. ಆದ್ದರಿಂದ ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಬೇಗನೆ ಬೇರ್ಪಡಿಸಿ, ಎರಡೂ ಯಂತ್ರಗಳಿಗೆ ಹೆಚ್ಚು ಅಂತರವಿಲ್ಲದೆ ಕೊಡಬೇಕಾಗುತ್ತದೆ.