ಬಾಗಿಲಿನ ಸ್ಪೀಕರಿಗೆ ಮೊದಲು ಬಿಡುವು ಕೊಡಿ

ಕಾರಿನ ಜೊತೆ ಬಂದ ಸ್ಟೀರಿಯೊ ತೆಗೆಸಿ ಹೊಸದನ್ನು ಹಾಕಿಸಿಕೊಂಡವರಲ್ಲಿ ಹೆಚ್ಚಿನವರು ಎರಡು ಮೂರು ತಿಂಗಳಲ್ಲಿ ಮತ್ತೆ ನನ್ನ ಬಳಿ ಬರುತ್ತಾರೆ. ದೂರು ಹೆಚ್ಚುಕಡಿಮೆ ಒಂದೇ: "ಹಾಡಿನ ಮಾತು ಈಗ ಬಿಡಿಸಿ ಕೇಳುತ್ತದೆ, ಆದರೆ ಡೋಲಿನ ಏಟು ಎದೆಗೆ ತಾಕುವುದಿಲ್ಲ." ಅದರ ಹಿಂದೆಯೇ ಬರುವ ಪ್ರಶ್ನೆಯೂ ಒಂದೇ: "ಹನ್ನೆರಡು ಇಂಚಿನ ಸಬ್‌ವೂಫರ್ ಹಾಕಿಸಲೇ, ಹತ್ತು ಸಾಕೇ?" ಇಂಚಿನ ಮಾತಿಗೆ ಆಮೇಲೆ ಬರೋಣ ಎನ್ನುತ್ತೇನೆ. ಕೆಳಸ್ವರಗಳಿಗೆಂದೇ ಇರುವ ಈ ಸ್ಪೀಕರ್ ಕೂರುವುದು ಡಿಕ್ಕಿಯಲ್ಲಾದರೂ ಅದರ ಮೊದಲ ಲಾಭ ಕಾಣುವುದು ಮುಂದಿನ ಬಾಗಿಲುಗಳಲ್ಲಿ.

ಕಾರಣ ಸರಳ. ಅಷ್ಟೇ ಗಟ್ಟಿಯಾಗಿ ಒಂದು ಆಕ್ಟೇವ್, ಅಂದರೆ ಒಂದು ಸಪ್ತಕ, ಕೆಳಗಿನ ಸ್ವರ ನುಡಿಸಬೇಕಾದರೆ ಸ್ಪೀಕರಿನ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. 80 ಹರ್ಟ್ಸ್‌ನಲ್ಲಿ ಒಂದು ಮಿಲಿಮೀಟರ್ ಆಡುತ್ತಿದ್ದದ್ದು 40 ಹರ್ಟ್ಸ್‌ನಲ್ಲಿ ನಾಲ್ಕು ಮಿಲಿಮೀಟರ್ ಆಡಬೇಕು. ಬಾಗಿಲಿನ ಆರೂವರೆ ಇಂಚಿನ ಸ್ಪೀಕರಿಗೆ ಅಷ್ಟು ಜಾಗವೂ ಇಲ್ಲ, ತ್ರಾಣವೂ ಇಲ್ಲ. ಹೆಡ್ ಯೂನಿಟ್ಟಿನ, ಅಂದರೆ ಸ್ಟೀರಿಯೊದ, ಮೇಲೆ 50 ವ್ಯಾಟ್ ಎಂದು ಬರೆದಿದ್ದರೂ ಅದು ಕ್ಷಣಮಾತ್ರದ ಗರಿಷ್ಠ ಲೆಕ್ಕ. ನಿರಂತರವಾಗಿ ಒಂದೊಂದು ಸ್ಪೀಕರಿಗೆ ಸಿಗುವುದು ಸುಮಾರು 15ರಿಂದ 20 ವ್ಯಾಟ್. ಆ ಅಲ್ಪ ಶಕ್ತಿಯ ಬಹುಪಾಲನ್ನು ಕೆಳಸ್ವರಗಳೇ ನುಂಗಿಬಿಡುತ್ತವೆ. ಸಬ್‌ವೂಫರ್ ಬಂದ ಮೇಲೆ ಹೆಡ್ ಯೂನಿಟ್ಟಿನಲ್ಲಿ ಕೆಳಸ್ವರಗಳನ್ನು ತಡೆಯುವ ಹೈ ಪಾಸ್ ಫಿಲ್ಟರನ್ನು 80 ಹರ್ಟ್ಸ್‌ಗೆ ಇಟ್ಟು ನೋಡಿ. ಬಾಗಿಲಿನ ಸ್ಪೀಕರುಗಳ ಹೆಗಲಿನ ಮೂಟೆ ಇಳಿಯುತ್ತದೆ. ಅವೇ ಹಳೆಯ ಸ್ಪೀಕರುಗಳಲ್ಲಿ ಗಾಯಕನ ದನಿ ನಿಚ್ಚಳವಾಗುತ್ತದೆ. ಸಬ್ ಹಾಕಿಸಿಯೂ ಈ ಫಿಲ್ಟರನ್ನು ಮುಟ್ಟದೆ ಬಿಟ್ಟ ಕಾರುಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಹಣ ಕೊಟ್ಟು ಆಳನ್ನು ಇಟ್ಟುಕೊಂಡು ಮೂಟೆಯನ್ನು ತಾವೇ ಹೊತ್ತಂತೆ.

ಸಬ್‌ವೂಫರಿಗೆ ಇದರ ಮಗ್ಗುಲಿನ, ಮೇಲಿನ ಸ್ವರಗಳನ್ನು ತಡೆಯುವ ಲೋ ಪಾಸ್ ಫಿಲ್ಟರ್ ಬೇಕು, ಅದೂ 80ರ ಆಸುಪಾಸಿನಲ್ಲಿಯೇ. ಅದಕ್ಕಿಂತ ಕೆಳಗಿನ ಸ್ವರ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಸುಲಭವಾಗಿ ತಿಳಿಯುವುದಿಲ್ಲ. ಆದ್ದರಿಂದಲೇ ಪೆಟ್ಟಿಗೆ ಹಿಂದಿದ್ದರೂ ಡೋಲು ಮುಂದೆ ಬಾರಿಸಿದಂತೆ ಕೇಳುತ್ತದೆ. ಫಿಲ್ಟರನ್ನು 120ಕ್ಕೆ ಏರಿಸಿದರೆ ಗಂಡುದನಿಯ ಒಂದು ಪಾಲು ಡಿಕ್ಕಿಯಿಂದ ಮಾತಾಡತೊಡಗುತ್ತದೆ. ಇನ್ನೊಂದು ಎಚ್ಚರ: ಲೋ ಪಾಸ್ ಹೆಡ್ ಯೂನಿಟ್ಟಿನಲ್ಲೂ ಇರುತ್ತದೆ, ಆಂಪ್ಲಿಫೈಯರಿನಲ್ಲೂ ಇರುತ್ತದೆ. ಎರಡನ್ನೂ ಒಂದೇ ಅಂಕೆಗೆ ಇಟ್ಟರೆ ದನಿ ತಗ್ಗುವ ಇಳಿಜಾರು ಎರಡು ಪಟ್ಟು ಕಡಿದಾಗಿ ಸಬ್‌ವೂಫರಿಗೂ ಬಾಗಿಲಿನ ಸ್ಪೀಕರಿಗೂ ನಡುವೆ ಹಳ್ಳ ಬೀಳುತ್ತದೆ. ಒಂದನ್ನು ಬಳಸಿ, ಇನ್ನೊಂದನ್ನು ಬಂದ್ ಮಾಡಿ.

ಸ್ಟೀರಿಯೊ ಮೊದಲೇ ಬದಲಾಗಿರುವುದರಿಂದ ಸಿಗ್ನಲ್ಲಿನ ತಲೆನೋವು ಕಡಿಮೆ. ಹೊಸ ಯೂನಿಟ್ಟಿನ ಬೆನ್ನಿಗೆ ಸಾಮಾನ್ಯವಾಗಿ ಸಬ್‌ವೂಫರಿಗೆಂದೇ ಆರ್‌ಸಿಎ ಔಟ್‌ಪುಟ್ (ಆಂಪ್ಲಿಫೈಯರಿಗೆ ಸಿಗ್ನಲ್ ಒಯ್ಯುವ ತಂತಿಯ ಕಿಂಡಿ) ಇರುತ್ತದೆ, ಮಟ್ಟ ಹೆಚ್ಚುಕಡಿಮೆ ಮಾಡಲು ಬೇರೆಯೇ ಮೆನು ಇರುತ್ತದೆ. ಹಳೆಯ ಕಂಪನಿ ಸ್ಟೀರಿಯೊದಲ್ಲಾದರೆ ಸ್ಪೀಕರ್ ತಂತಿಯಿಂದ ಸಿಗ್ನಲ್ ಕದಿಯಬೇಕು. ಅವುಗಳಲ್ಲಿ ಹಲವು ವಾಲ್ಯೂಮ್ ಏರಿದಂತೆ ಬಾಸನ್ನು ತಾವೇ ತಗ್ಗಿಸುತ್ತವೆ.

ಈಗ ವಿದ್ಯುತ್ತಿನ ಮಾತು. ನಿರಂತರವಾಗಿ 300 ವ್ಯಾಟ್ (ಆರ್‌ಎಂಎಸ್) ಕೊಡುವ, ವಿದ್ಯುತ್ ಕಡಿಮೆ ಪೋಲು ಮಾಡುವ ಕ್ಲಾಸ್ ಡಿ ಆಂಪ್ಲಿಫೈಯರ್ ಶೇ 80ರಷ್ಟು ದಕ್ಷ ಎಂದುಕೊಂಡರೂ 375 ವ್ಯಾಟ್ ಎಳೆಯುತ್ತದೆ. ಎಂಜಿನ್ ಓಡುವಾಗ 13.8 ವೋಲ್ಟ್ ಇದ್ದರೆ ಅದು 27 ಆಂಪಿಯರ್. ಇದನ್ನು ಸ್ಟೀರಿಯೊದ ತಂತಿಯಿಂದ ತೆಗೆಯುವಂತಿಲ್ಲ. ಬ್ಯಾಟರಿಯಿಂದಲೇ 8 ಗೇಜಿನ ತಾಮ್ರದ ತಂತಿ ಬರಬೇಕು. ತಂತಿ ಕೊಳ್ಳುವಾಗ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಕೆಂಪು ಕಳಚಿ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ; ಅದನ್ನೇ ಹಾಕುವುದಾದರೆ ಒಂದು ಅಳತೆ ದಪ್ಪನೆಯದು ಬೇಕು. ಬ್ಯಾಟರಿಯಿಂದ ಹೆಚ್ಚೆಂದರೆ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲಿ. ಈ ಫ್ಯೂಸ್ ಕಾಯುವುದು ತಂತಿಯನ್ನು. ಎಂಜಿನ್ ಕೋಣೆಯ ತಗಡಿನ ಅಂಚಿಗೆ ಉಜ್ಜಿ ತಂತಿಯ ಮೈ ಹರಿದ ದಿನ ಕಾರಿಗೆ ಬೆಂಕಿ ಬೀಳದಂತೆ ತಡೆಯುವುದು ಇದೊಂದೇ. ತಗಡು ದಾಟುವ ತೂತಿಗೆ ರಬ್ಬರ್ ಬಳೆ ಹಾಕದ ಕೆಲಸಗಾರನ ಕೈಯಲ್ಲಿ ನಿಮ್ಮ ಕಾರನ್ನು ಬಿಡಬೇಡಿ.

ಒಮ್ಮೆ ಒಬ್ಬರು ಹೊಸದಾಗಿ ಸಬ್ ಹಾಕಿಸಿದ ಕಾರು ತಂದರು. ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರುಗಳಲ್ಲಿ ಸೊಳ್ಳೆಯ ರಾಗ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಆಂಪ್ಲಿಫೈಯರ್ ಕೆಟ್ಟಿದೆ ಎಂದು ಹೇಳಿ ಎರಡು ಸಲ ಬದಲಾಯಿಸಿಕೊಟ್ಟಿದ್ದರಂತೆ. ಡಿಕ್ಕಿಯ ಹಾಸು ಎತ್ತಿ ನೋಡಿದರೆ ಅರ್ಥಿಂಗ್ ತಂತಿಯ ಉಂಗುರವನ್ನು ಬಣ್ಣದ ಮೇಲೆಯೇ ಬೋಲ್ಟ್ ಹಾಕಿ ಬಿಗಿದಿದ್ದರು. ಹಾಡು ಜೋರಾಗಿ ಓಡುವಾಗ ಆ ಉಂಗುರಕ್ಕೂ ಬ್ಯಾಟರಿಯ ಋಣ ತುದಿಗೂ ನಡುವೆ ಮೀಟರ್ ಹಿಡಿದೆ: ಮುಕ್ಕಾಲು ವೋಲ್ಟ್. ಬೋಲ್ಟ್ ಬಿಚ್ಚಿ, ಉಪ್ಪುಕಾಗದದಿಂದ ನಾಣ್ಯದಗಲ ಬಣ್ಣ ಉಜ್ಜಿ, ತಗಡು ಹೊಳೆಯುವಂತೆ ಮಾಡಿ ಮತ್ತೆ ಬಿಗಿದೆ. ಸೊಳ್ಳೆ ಹೋಯಿತು. ಅದಕ್ಕೆ ಹಿಡಿದದ್ದು ಹತ್ತು ನಿಮಿಷ. ರಾಗ ಆಮೇಲೂ ಉಳಿದಿದ್ದರೆ ಆರ್‌ಸಿಎ ತಂತಿಯನ್ನು ಪವರ್ ತಂತಿಯ ಮಗ್ಗುಲಿನಿಂದ ಬಿಡಿಸಿ ಕಾರಿನ ಇನ್ನೊಂದು ಬದಿಗೆ ಸಾಗಿಸುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚು ಸಬ್‌ವೂಫರುಗಳನ್ನು ಕೊಂದಿರುವುದು ಆಂಪ್ಲಿಫೈಯರಿನ ಮೇಲಿರುವ ಗೇನ್ ಎಂಬ ಪುಟ್ಟ ತಿರುಪು. ಜನ ಅದನ್ನು ವಾಲ್ಯೂಮ್ ಎಂದುಕೊಂಡು ಕೊನೆಯವರೆಗೆ ತಿರುಗಿಸುತ್ತಾರೆ. ಹೆಡ್ ಯೂನಿಟ್ ಕೊಡುವ ವೋಲ್ಟೇಜಿಗೂ ಆಂಪ್ಲಿಫೈಯರಿನ ಪೂರ್ಣ ಶಕ್ತಿಗೂ ಹೊಂದಾಣಿಕೆ ಮಾಡುವುದಷ್ಟೇ ಅದರ ಕೆಲಸ. ಕಿವಿಯನ್ನು ನಂಬುವ ಬದಲು ನಾನು ಮಲ್ಟಿಮೀಟರ್ ಬಳಸುತ್ತೇನೆ. ವ್ಯಾಟನ್ನು ಸಬ್‌ವೂಫರಿನ ಓಮ್‌ನಿಂದ (ಅದರ ವಿದ್ಯುತ್ ತಡೆಯಿಂದ) ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟೇಜ್ ಸಿಗುತ್ತದೆ. 4 ಓಮ್‌ಗೆ 300 ವ್ಯಾಟ್ ಎಂದರೆ 1200ರ ವರ್ಗಮೂಲ, ಸುಮಾರು 34.6 ವೋಲ್ಟ್, 2 ಓಮ್ ಆದರೆ 24.5. ಸಬ್‌ವೂಫರಿನ ತಂತಿ ಬಿಚ್ಚಿ, ಬಾಸ್ ಬೂಸ್ಟನ್ನು ಸೊನ್ನೆಗೆ ತಂದು, 50 ಹರ್ಟ್ಸ್‌ನ ಪರೀಕ್ಷಾ ಸ್ವರ ಹಾಕಿ, ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಆಂಪ್ಲಿಫೈಯರಿನ ತುದಿಗಳಿಗೆ ಹಿಡಿಯಬೇಕು. ಗೇನನ್ನು ನಿಧಾನವಾಗಿ ಏರಿಸುತ್ತ ಆ ಅಂಕೆ ಮುಟ್ಟಿದಲ್ಲಿ ಕೈ ಬಿಡಬೇಕು. ಅದನ್ನು ಮೀರಿದರೆ ಅಲೆಯ ನೆತ್ತಿ ಕತ್ತರಿಸಿಹೋಗಿ ಸಬ್‌ವೂಫರಿನ ಒಳಗಿನ ತಂತಿಸುರುಳಿ, ಕಾಯಿಲ್, ಬಿಸಿಯಾಗುತ್ತದೆ. ಡಿಕ್ಕಿ ತೆರೆದಾಗ ಸುಟ್ಟ ವಾರ್ನಿಷ್ಷಿನ ವಾಸನೆ ಮೂಗಿಗೆ ಬಡಿದರೆ ನನಗೆ ಮೀಟರೂ ಬೇಕಿಲ್ಲ.

ಇನ್ನು ಇಂಚು. ದಿನವೂ ಸಾಮಾನು ತುಂಬುವ ಕಾರಿಗೆ ಸೀಟಿನ ಕೆಳಗೆ ಕೂರುವ, ಆಂಪ್ಲಿಫೈಯರ್ ಒಳಗೊಂಡ ಎಂಟು ಇಂಚಿನದೇ ಸಾಕೆಂದು ಹೇಳುತ್ತೇನೆ. ಅದು ಎದೆ ನಡುಗಿಸದು, ಹಾಡಿನ ಬುಡವನ್ನು ತುಂಬುತ್ತದೆ. ಜಾಗವಿದ್ದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಹತ್ತು ಇಂಚು ನನ್ನ ಆಯ್ಕೆ. ತೂತಿನ ಪೆಟ್ಟಿಗೆ ಅದೇ ಶಕ್ತಿಗೆ ಹೆಚ್ಚು ಗದ್ದಲ ಮಾಡುತ್ತದೆ, ಆದರೆ ಜಾಗ ಹೆಚ್ಚು ತಿನ್ನುತ್ತದೆ, ಅಳತೆ ತಪ್ಪಿದರೆ ಒಂದೇ ಸ್ವರವನ್ನು ಗುಂಯ್‌ಗುಟ್ಟುತ್ತದೆ. ಪೆಟ್ಟಿಗೆ ಯಾವುದಾದರೂ ಪಟ್ಟಿ ಹಾಕಿ ಕಟ್ಟಿ. ಹದಿನೈದು ಕಿಲೋ ತೂಕದ ಮರದ ಪೆಟ್ಟಿಗೆ ಗಟ್ಟಿ ಬ್ರೇಕಿಗೆ ಎಲ್ಲಿಗೆ ಹಾರುತ್ತದೆ ಎಂದು ಹಿಂದಿನ ಸೀಟಿನವರನ್ನು ನೆನೆದು ಯೋಚಿಸಿ.

ಕೊನೆಯಲ್ಲಿ ನಾನು ಕಾರಿನ ಮಾಲೀಕರನ್ನು ಚಾಲಕರ ಸೀಟಿನಲ್ಲಿ ಕೂರಿಸಿ, ಅವರಿಗೆ ಬಾಯಿಪಾಠವಾಗಿರುವ ಹಾಡನ್ನೇ ಹಾಕಿಸಿ, ಹಿಂದೆ ನಿಂತು ಸಬ್‌ವೂಫರಿನ ಅಲೆಯನ್ನು ತಿರುವುಮುರುವು ಮಾಡುವ ಫೇಸ್ ಸ್ವಿಚ್ಚನ್ನು 0ಯಿಂದ 180 ಡಿಗ್ರಿಗೆ ತಳ್ಳುತ್ತೇನೆ. ಯಾವ ಕಡೆ ಬಾಸ್ ತುಂಬಿ ಬಂತು ಎನ್ನುತ್ತಾರೋ ಅದೇ ಸರಿ. ಅಷ್ಟರಲ್ಲಿ ಹಿಂದಿನ ನಂಬರ್ ಪ್ಲೇಟ್ ಗಡಗಡ ಎನ್ನತೊಡಗಿರುತ್ತದೆ. ಅದರ ಬೆನ್ನಿಗೆ ಅಂಟಿಸಲು ಎರಡು ತುಂಡು ಸ್ಪಂಜು ನನ್ನ ಜೇಬಿನಲ್ಲೇ ಇರುತ್ತದೆ.