ಪದ ಪರಿಚಯ: ಆತ್ಮಹತ್ಯೆ ದರ – ಕೊರೊನಾ ಕಾಲದಲ್ಲಿ ಏರಿತೋ, ಇಳಿಯಿತೋ?

ಒಂದು ವರ್ಷದಲ್ಲಿ, ಪ್ರತಿ ಒಂದು ಲಕ್ಷ ಜನರಲ್ಲಿ ಎಷ್ಟು ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು ಅನ್ನುವ ಲೆಕ್ಕವೇ ಆತ್ಮಹತ್ಯೆ ದರ. 2019ರಲ್ಲಿ ಭಾರತದ ದರ 10.4 ಇತ್ತು. ಅದೇ ವರ್ಷ ಕರ್ನಾಟಕದ್ದು 17.1. ಬರೀ ತಲೆ ಎಣಿಸಿದರೆ ಜನ ಜಾಸ್ತಿ ಇರುವ ಕಡೆ ಸಾವೂ ಜಾಸ್ತಿ ಕಾಣುತ್ತದೆ. ಸಣ್ಣ ದೇಶವನ್ನೂ ದೊಡ್ಡ ದೇಶವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕಾದರೆ ಈ ಲಕ್ಷದ ಲೆಕ್ಕ ಬೇಕು.

ಕೇಳಲು ಇಷ್ಟು ಸಲೀಸು. ಆದರೆ 2020ರಲ್ಲಿ ಕೊರೊನಾ ಬಂದಾಗ ಇದೇ ಲೆಕ್ಕ ತಿಳಿದವರನ್ನೂ ತಬ್ಬಿಬ್ಬು ಮಾಡಿತು.

ಆ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷರೇ, ಲಾಕ್‌ಡೌನ್ ಹೀಗೇ ಮುಂದುವರಿದರೆ ಸಾವಿರಾರು ಜನ ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ ಎಂದಿದ್ದರು. ಅವರೊಬ್ಬರೇ ಅಲ್ಲ, ಬಹಳಷ್ಟು ತಜ್ಞರಿಗೂ ಅದೇ ಭಯವಿತ್ತು. ಭಯಕ್ಕೆ ಕಾರಣವೂ ಇತ್ತು. 1997ರಲ್ಲಿ ಏಷ್ಯಾದ ಹಣಕಾಸು ಬಿಕ್ಕಟ್ಟು ಬಂತು. ಮರುವರ್ಷ ಜಪಾನಿನಲ್ಲಿ ಆತ್ಮಹತ್ಯೆಗಳು 24,391ರಿಂದ ಒಂದೇ ಏಟಿಗೆ 32,863ಕ್ಕೆ ಜಿಗಿದವು. 2008ರ ಜಾಗತಿಕ ಹಿಂಜರಿತದ ಮರುವರ್ಷ, 54 ದೇಶಗಳಲ್ಲಿ ಸೇರಿ ಸುಮಾರು 5,000 ಆತ್ಮಹತ್ಯೆಗಳು ಹೆಚ್ಚುವರಿಯಾಗಿ ಆದವು ಎಂದು ಸಂಶೋಧಕರು ಅಂದಾಜು ಮಾಡಿದ್ದರು. 2003ರಲ್ಲಿ ಸಾರ್ಸ್ ಎಂಬ ಸೋಂಕುರೋಗ ಬಂದಾಗ ಹಾಂಗ್‌ಕಾಂಗಿನಲ್ಲಿ 65 ದಾಟಿದವರ ಆತ್ಮಹತ್ಯೆ ದರ ಏರಿತ್ತು. ಅಲ್ಲಿ ಸಾರ್ಸ್‌ನಿಂದ ಸತ್ತವರು 299 ಜನ. ಅಷ್ಟಕ್ಕೇ ಹೀಗಾದರೆ, ಇಡೀ ಲೋಕವೇ ಬಾಗಿಲು ಹಾಕಿಕೊಂಡು ಕೂತಾಗ ಏನಾದೀತು? ಎಲ್ಲರೂ ಕೇಳಿದ್ದು ಇದನ್ನೇ.

ಆಗಿದ್ದು ಬೇರೆ. 21 ದೇಶಗಳ ಅಂಕಿಅಂಶ ಒಟ್ಟು ಮಾಡಿದ ಒಂದು ದೊಡ್ಡ ಅಧ್ಯಯನ 2021ರ ಏಪ್ರಿಲ್‌ನಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2020ರ ಏಪ್ರಿಲ್‌ನಿಂದ ಜುಲೈವರೆಗಿನ ಲೆಕ್ಕ ಅದು. ಆ ತಿಂಗಳುಗಳಲ್ಲಿ ಆತ್ಮಹತ್ಯೆ ಏರಿದ್ದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. 12 ಕಡೆ ನಿರೀಕ್ಷೆಗಿಂತ ಕಡಿಮೆಯೇ ಆಗಿತ್ತು. ಅಮೆರಿಕದಲ್ಲಿ 2019ರಲ್ಲಿ 47,511 ಇದ್ದದ್ದು 2020ರಲ್ಲಿ 45,979ಕ್ಕೆ ಇಳಿಯಿತು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಆ 21 ದೇಶಗಳಲ್ಲಿ 16 ಶ್ರೀಮಂತ ದೇಶಗಳು. ಉಳಿದ ಐದು ಮೇಲಿನ ಮಧ್ಯಮ ಆದಾಯದವು. ಬಡ ದೇಶ ಒಂದೂ ಇರಲಿಲ್ಲ, ಭಾರತವೂ ಇರಲಿಲ್ಲ. ‘ಕೊರೊನಾದಿಂದ ಆತ್ಮಹತ್ಯೆ ಹೆಚ್ಚಲಿಲ್ಲ’ ಎಂಬ ತಲೆಬರಹ ಓದಿ ನಿರಾಳವಾದವರು ಈ ಸಣ್ಣ ಸಾಲನ್ನು ಓದಿರಲಿಕ್ಕಿಲ್ಲ.

ಹಾಗಾದರೆ ಜನರಿಗೆ ಕಷ್ಟವೇ ಆಗಲಿಲ್ವಾ? ಆಯಿತು. ಕೊರೊನಾದ ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆ ಜಗತ್ತಿನಾದ್ಯಂತ ಶೇ 25ರಷ್ಟು ಹೆಚ್ಚಿದವು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಅಂದರೆ ನೋವು ಏರಿತು, ಸಾವಿನ ಲೆಕ್ಕ ಅದರ ಹಿಂದೆಯೇ ಏರಲಿಲ್ಲ. ಆತ್ಮಹತ್ಯೆ ದರ ಸಮಾಜದ ದುಃಖ ಅಳೆಯುವ ಥರ್ಮಾಮೀಟರ್ ಅಲ್ಲ. ದುಃಖ, ಸಾಲ, ಒಂಟಿತನ, ಕುಡಿತ, ಮನೆಯ ಜಗಳ, ಪಕ್ಕದಲ್ಲಿ ಯಾರಿದ್ದಾರೆ, ನಾಳೆ ಕೈಗೆ ದುಡ್ಡು ಬರುತ್ತದೋ ಇಲ್ಲವೋ – ಇವೆಲ್ಲ ಕೂಡಿ ಆ ಸಂಖ್ಯೆ ಆಗುತ್ತದೆ. ಒಂದು ಏರಿದಾಗ ಇನ್ನೊಂದು ಇಳಿದಿರಬಹುದು.

ದೊಡ್ಡ ಆಪತ್ತು ಬಂದ ಹೊಸತರಲ್ಲಿ ಆತ್ಮಹತ್ಯೆ ಕಡಿಮೆಯಾಗುವುದು ಹೊಸ ವಿಷಯವೂ ಅಲ್ಲ. ಯುದ್ಧದ ಕಾಲದಲ್ಲಿ ಹೀಗಾಗುತ್ತದೆ ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ದರ್ಕೈಮ್ 1897ರಲ್ಲೇ ಬರೆದಿದ್ದರು. ಎಲ್ಲರಿಗೂ ಬಂದ ಕಷ್ಟ, ನನ್ನೊಬ್ಬನದಲ್ಲ ಅನ್ನುವ ಭಾವ ಸ್ವಲ್ಪ ಕಾಲ ಜನರನ್ನು ಹಿಡಿದು ನಿಲ್ಲಿಸುತ್ತದೆ. ಸ್ವಲ್ಪ ಕಾಲ ಮಾತ್ರ.

ಇದನ್ನು ಜಪಾನಿನಷ್ಟು ಚೆನ್ನಾಗಿ ತೋರಿಸುವ ದೇಶ ಇನ್ನೊಂದಿಲ್ಲ. ಅಲ್ಲಿನ ಪೊಲೀಸ್ ಇಲಾಖೆ ಆತ್ಮಹತ್ಯೆಗಳ ಲೆಕ್ಕವನ್ನು ತಿಂಗಳು ತಿಂಗಳು ಪ್ರಕಟಿಸುತ್ತದೆ. ಹಾಗಾಗಿ ಏನಾಯಿತು ಎಂಬುದನ್ನು ತಿಂಗಳ ಲೆಕ್ಕದಲ್ಲೇ ನೋಡಬಹುದು. 2020ರ ಫೆಬ್ರವರಿಯಿಂದ ಜೂನ್‌ವರೆಗೆ ಅಲ್ಲಿ ಆತ್ಮಹತ್ಯೆ ಶೇ 14ರಷ್ಟು ಇಳಿಯಿತು. ಶಾಲೆ ಮುಚ್ಚಿತ್ತು. ಕೆಲಸದ ಗಂಟೆಗಳು ಕಡಿಮೆಯಾಗಿದ್ದವು. ದುಡಿದು ದುಡಿದೇ ಸಾಯುವುದಕ್ಕೆ ಪ್ರತ್ಯೇಕ ಹೆಸರೇ ಇರುವ ದೇಶದಲ್ಲಿ ಇದು ಸಣ್ಣ ಮಾತಲ್ಲ. ಸರ್ಕಾರ ಪ್ರತಿಯೊಬ್ಬರಿಗೂ ಒಂದು ಲಕ್ಷ ಯೆನ್ ಕೊಟ್ಟಿತು. ಜುಲೈನಿಂದ ಗಾಳಿ ತಿರುಗಿತು. ಅಕ್ಟೋಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಶೇ 16ರ ಏರಿಕೆ. ಹೆಂಗಸರಲ್ಲಿ ಶೇ 37. ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ 49.

ವರ್ಷದ ಕೊನೆಗೆ ಬಂದ ಲೆಕ್ಕವನ್ನು ನಿಧಾನಕ್ಕೆ ನೋಡಿ. 2019ರಲ್ಲಿ 20,169, 2020ರಲ್ಲಿ 21,081. ಮೇಲ್ನೋಟಕ್ಕೆ ಒಂಬೈನೂರು ಚಿಲ್ಲರೆ ಜಾಸ್ತಿ, ಅಷ್ಟೇ. ಒಡೆದು ನೋಡಿದರೆ ಗಂಡಸರಲ್ಲಿ 14,078 ಇದ್ದದ್ದು 14,055 ಆಗಿದೆ, ಅಂದರೆ 23 ಕಡಿಮೆ. ಹೆಂಗಸರಲ್ಲಿ 6,091 ಇದ್ದದ್ದು 7,026 ಆಗಿದೆ. ಅಂದರೆ ಏರಿಕೆ ಪೂರ್ತಿ ಹೆಂಗಸರದ್ದೇ. ಒಟ್ಟು ದರವನ್ನಷ್ಟೇ ಓದುವವರಿಗೆ ಇದು ಕಾಣುವುದಿಲ್ಲ.

ಯಾಕೆ ಹೆಂಗಸರು? ಜಪಾನಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಕೆಲಸ ಕಾಯಂ ಅಲ್ಲ. ಹೋಟೆಲು, ಅಂಗಡಿ, ಪ್ರವಾಸದ ಉದ್ಯಮ ಇಂಥ ಕಡೆ ಅವರಿದ್ದರು, ಕೊರೊನಾ ಮೊದಲು ಹೊಡೆದದ್ದೂ ಅಲ್ಲೇ. ಮಕ್ಕಳು, ಗಂಡ, ಮುದುಕರು ಎಲ್ಲ ಮನೆಯಲ್ಲೇ ಉಳಿದಾಗ ಚಾಕರಿಯ ಹೊರೆ ಬಿದ್ದದ್ದೂ ಅವರ ಮೇಲೇ. ಮನೆಯೊಳಗಿನ ಹಿಂಸೆಯ ಬಗ್ಗೆ ಸಹಾಯ ಕೇಳಿ ಬಂದ ಕರೆಗಳು ಹಿಂದಿನ ವರ್ಷಕ್ಕಿಂತ ಒಂದೂವರೆ ಪಟ್ಟು ದಾಟಿದವು. ಆ ಜುಲೈ ಮತ್ತು ಸೆಪ್ಟೆಂಬರ್‌ನಲ್ಲಿ ಹೆಸರಾಂತ ನಟನಟಿಯರ ಸಾವು ದಿನಗಟ್ಟಲೆ ಸುದ್ದಿಯಾಗಿತ್ತು. ಅಂಥ ಸುದ್ದಿಯನ್ನು ಎಳೆದೆಳೆದು ತೋರಿಸಿದರೆ ನೊಂದವರ ಮೇಲೆ ಅದರ ಪರಿಣಾಮ ಆಗುತ್ತದೆ ಎಂಬುದು ಗೊತ್ತಿರುವ ವಿಷಯವೇ. ಅಕ್ಟೋಬರ್‌ನಲ್ಲಿ ಹೆಂಗಸರ ಆತ್ಮಹತ್ಯೆಗಳು ಹಿಂದಿನ ಅಕ್ಟೋಬರ್‌ಗಿಂತ ಶೇ 80ಕ್ಕೂ ಹೆಚ್ಚಿದ್ದವು. 2021ರ ಫೆಬ್ರವರಿಯಲ್ಲಿ ಜಪಾನ್ ಒಂಟಿತನದ ಸಮಸ್ಯೆ ನೋಡಿಕೊಳ್ಳಲು ಒಬ್ಬ ಸಚಿವರನ್ನೇ ನೇಮಿಸಿತು.

ಇನ್ನೂ ಒಂದಿದೆ. ಹಿಂದಿನ ವರ್ಷಕ್ಕೆ ಹೋಲಿಸುವುದು ಸರಿಯಾದ ಹೋಲಿಕೆಯೇ ಅಲ್ಲ. ಜಪಾನಿನಲ್ಲಿ 2010ರಿಂದ ಪ್ರತಿ ವರ್ಷ ಸಂಖ್ಯೆ ಇಳಿಯುತ್ತಲೇ ಬಂದಿತ್ತು. ಕೊರೊನಾ ಬರದೇ ಇದ್ದಿದ್ದರೆ 2020ರಲ್ಲೂ ಇನ್ನಷ್ಟು ಇಳಿಯುತ್ತಿತ್ತು. ಹಾಗಾಗಿ ನಿಜವಾದ ನಷ್ಟ ಆ ಒಂಬೈನೂರು ಚಿಲ್ಲರೆಗಿಂತ ದೊಡ್ಡದು. ಸಂಶೋಧಕರು ‘ನಿರೀಕ್ಷಿತ ಸಂಖ್ಯೆ’ ಅನ್ನುವುದು ಇದಕ್ಕೇ: ಈ ಆಪತ್ತು ಇಲ್ಲದಿದ್ದರೆ ಎಷ್ಟಾಗುತ್ತಿತ್ತು ಎಂಬ ಅಂದಾಜು. ಕಣ್ಣ ಮುಂದಿನ ಸಂಖ್ಯೆಯಿಂದ ಅದನ್ನು ಕಳೆದರೆ ಉಳಿಯುವುದೇ ಆಪತ್ತಿನ ಪಾಲು.

ಈ ಲೆಕ್ಕವನ್ನು ಭಾರತಕ್ಕೆ ಹಾಕಿ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2017ರಲ್ಲಿ 1,29,887 ಆತ್ಮಹತ್ಯೆಗಳು. 2018ರಲ್ಲಿ 1,34,516. 2019ರಲ್ಲಿ 1,39,123. ವರ್ಷಕ್ಕೆ ಹೆಚ್ಚುಕಮ್ಮಿ 4,600ರ ಏರಿಕೆ. ಅದೇ ಗತಿಯಲ್ಲಿ ಹೋಗಿದ್ದರೆ 2020ರಲ್ಲಿ 1,43,700ರ ಆಸುಪಾಸು ಇರಬೇಕಿತ್ತು. ಆದದ್ದು 1,53,052. ಸುಮಾರು 9,300 ಜಾಸ್ತಿ. ಇದು ಕಾಗದದ ಮೇಲೆ ಗೆರೆ ಎಳೆದು ಮಾಡಿದ ಲೆಕ್ಕ, ಸಂಶೋಧಕರು ಇದಕ್ಕಿಂತ ನಾಜೂಕಾಗಿ ಮಾಡುತ್ತಾರೆ. ಆದರೂ ದಿಕ್ಕು ಸ್ಪಷ್ಟ. 2021ರಲ್ಲಿ 1,64,033, 2022ರಲ್ಲಿ 1,70,924. ದರ 10.4ರಿಂದ 12.4ಕ್ಕೆ ಬಂತು. ಕರ್ನಾಟಕದಲ್ಲಿ 2019ರಲ್ಲಿ 11,288 ಇದ್ದದ್ದು 2020ರಲ್ಲಿ 12,259, 2021ರಲ್ಲಿ 13,056, 2022ರಲ್ಲಿ 13,606. ಶ್ರೀಮಂತ ದೇಶಗಳ ಕಥೆ ನಮ್ಮದಾಗಲಿಲ್ಲ.

ನಮ್ಮಲ್ಲೂ ಒಳಗೆ ಒಡೆದು ನೋಡಬೇಕು. 2019ರಲ್ಲಿ ಆತ್ಮಹತ್ಯೆಯಿಂದ ಸತ್ತವರಲ್ಲಿ 32,563 ಜನ ದಿನಗೂಲಿಯವರು. 2021ರಲ್ಲಿ ಅದು 42,004. ಒಟ್ಟು ಸಾವುಗಳಲ್ಲಿ ನಾಲ್ಕರಲ್ಲೊಂದು. ವಿದ್ಯಾರ್ಥಿಗಳ ಸಂಖ್ಯೆ 2019ರಲ್ಲಿ 10,335 ಇದ್ದದ್ದು 2020ರಲ್ಲಿ, ಒಂದೇ ವರ್ಷದಲ್ಲಿ, 12,526ಕ್ಕೆ ಏರಿತು. ಜಪಾನಿನಲ್ಲಿ ಕೈಗೆ ಲಕ್ಷ ಯೆನ್ ಬಂದ ತಿಂಗಳುಗಳಲ್ಲಿ ಇಳಿಕೆ ಕಂಡಿತು. ಇಲ್ಲಿ ದಿನಗೂಲಿಯವರ ದುಡಿಮೆ ರಾತ್ರೋರಾತ್ರಿ ನಿಂತಿತು, ಲಕ್ಷಾಂತರ ಜನ ಊರಿಗೆ ನಡೆದುಕೊಂಡೇ ಹೊರಟರು. ದುಡ್ಡೊಂದೇ ಕಾರಣ ಎಂದು ಈ ಅಂಕಿಗಳು ಸಾಬೀತು ಮಾಡುವುದಿಲ್ಲ. ಆದರೆ ಪಿಡುಗು ಆತ್ಮಹತ್ಯೆಗೆ ದಾರಿಯಾಗುತ್ತದೋ ಇಲ್ಲವೋ ಎಂಬುದು ರೋಗಾಣುವಿಗಿಂತ ಜಾಸ್ತಿ ಅಡುಗೆಮನೆಯ ಡಬ್ಬಿಯಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ ಅಂತ ನನಗನ್ನಿಸುತ್ತದೆ.

ಅಮೆರಿಕದ ಒಟ್ಟು ಸಂಖ್ಯೆ ಇಳಿಯಿತು ಎಂದೆನಲ್ಲ, ಅಲ್ಲೂ ಸರಾಸರಿಯ ಕೆಳಗೆ ಬೇರೆ ಕಥೆಯಿದೆ. ಮೇರಿಲ್ಯಾಂಡ್ ರಾಜ್ಯದಲ್ಲಿ 2020ರ ಮಾರ್ಚ್ ಮೊದಲ ವಾರದಿಂದ ಮೇ ಮೊದಲ ವಾರದವರೆಗೆ ಬಿಳಿಯರ ಆತ್ಮಹತ್ಯೆಗಳು ಹಿಂದಿನ ವರ್ಷಗಳ ಅರ್ಧದಷ್ಟಕ್ಕೆ ಇಳಿದವು. ಅದೇ ದಿನಗಳಲ್ಲಿ ಕಪ್ಪು ಜನರಲ್ಲಿ ಸುಮಾರು ಎರಡು ಪಟ್ಟಾದವು. ಎರಡನ್ನೂ ಕೂಡಿಸಿ ಭಾಗಿಸಿದರೆ ‘ಇಳಿಕೆ’ ಎಂದೇ ಬರುತ್ತದೆ. ಇದರ ಜೊತೆಗೆ, ಅಮೆರಿಕದಲ್ಲಿ ಮಾದಕವಸ್ತುವಿನ ಮಿತಿಮೀರಿದ ಸೇವನೆಯಿಂದ ಸತ್ತವರು 2019ರಲ್ಲಿ 70,630 ಇದ್ದರೆ, 2020ರಲ್ಲಿ 91,799. ಇವರಲ್ಲಿ ಯಾರು ಬೇಕೆಂದೇ ಹಾಗೆ ಮಾಡಿದರು, ಯಾರದು ಆಕಸ್ಮಿಕ ಎಂದು ಹೇಳುವವರು ಯಾರು?

ಅಲ್ಲಿಗೆ ಎಣಿಕೆಯ ತಕರಾರಿಗೆ ಬಂದೆವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2019ರಲ್ಲಿ 5,691 ಆತ್ಮಹತ್ಯೆಗಳು ದಾಖಲಾದವು, 2020ರಲ್ಲಿ 5,224. ಇಳಿಕೆ ಅಂತ ಖುಷಿಪಡುವ ಹಾಗಿಲ್ಲ. ಅಲ್ಲಿ ಕಾರೊನರ್ ಎಂಬ ಅಧಿಕಾರಿಯ ವಿಚಾರಣೆ ಮುಗಿದ ಮೇಲೆಯೇ ಅಂಥ ಸಾವು ದಾಖಲಾಗುವುದು. ಕೊರೊನಾದಿಂದ ವಿಚಾರಣೆಗಳೇ ತಡವಾದವು. ಸಾವು ಒಂದು ವರ್ಷದ್ದು, ದಾಖಲೆ ಇನ್ನೊಂದು ವರ್ಷದ್ದು. ಆ ಇಳಿಕೆಯಲ್ಲಿ ಈ ತಡದ ಪಾಲೂ ಇದೆ ಎಂದು ಅಲ್ಲಿನ ಅಂಕಿಅಂಶ ಕಚೇರಿಯೇ ಹೇಳಿತು.

ನಮ್ಮ ತೊಂದರೆ ಇದಕ್ಕಿಂತ ಹಳೆಯದು. ನಮ್ಮ ಲೆಕ್ಕ ಬರುವುದು ಪೊಲೀಸ್ ಠಾಣೆಯಿಂದ. ಆತ್ಮಹತ್ಯೆಯ ಪ್ರಯತ್ನ ಬಹುಕಾಲ ದಂಡ ಸಂಹಿತೆಯ 309ನೇ ಕಲಂ ಪ್ರಕಾರ ಅಪರಾಧವಾಗಿತ್ತು. ಕೇಸು, ಮರ್ಯಾದೆ, ಮನೆಯ ಹೆಣ್ಣುಮಕ್ಕಳ ಮದುವೆ – ಇಷ್ಟೆಲ್ಲ ತಲೆಯಲ್ಲಿರುವಾಗ ‘ಹೊಟ್ಟೆನೋವು ತಾಳಲಾರದೆ’ ಎಂದೋ, ‘ಕಾಲು ಜಾರಿ’ ಎಂದೋ ಬರೆಸಿ ಮುಗಿಸುವವರೇ ಜಾಸ್ತಿ. 2010ರಲ್ಲಿ ಬ್ಯೂರೊ ಲೆಕ್ಕ 1,34,599 ಇದ್ದರೆ, ಮನೆ ಮನೆಗೆ ಹೋಗಿ ಸಾವಿನ ಕಾರಣ ಕೇಳಿದ ಮಿಲಿಯನ್ ಡೆತ್ ಸ್ಟಡಿಯ ಅಂದಾಜು ಸುಮಾರು 1,87,000. ಉತ್ತರ ಪ್ರದೇಶದ ಜನಸಂಖ್ಯೆ ಕರ್ನಾಟಕದ ಮೂರು ಪಟ್ಟಿಗೂ ಜಾಸ್ತಿ. ಆದರೆ 2019ರಲ್ಲಿ ಅಲ್ಲಿ ದಾಖಲಾದದ್ದು ನಮ್ಮ ಅರ್ಧಕ್ಕಿಂತ ಕಡಿಮೆ, ದರ ಬರೀ 2.4. ಅಲ್ಲಿನ ಜನ ಅಷ್ಟು ನೆಮ್ಮದಿಯಾಗಿದ್ದಾರೆ ಎಂದು ಓದುವುದೋ, ಅಲ್ಲಿನ ಎಣಿಕೆ ಹಾಗಿದೆ ಎಂದು ಓದುವುದೋ? ದಾಖಲೆ ಚೆನ್ನಾಗಿಟ್ಟ ರಾಜ್ಯ ಕೆಟ್ಟದಾಗಿ ಕಾಣುವ ವಿಚಿತ್ರ ಈ ದರದಲ್ಲಿ ಯಾವಾಗಲೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು ಎಂದಿತು. 2024ರ ಜುಲೈನಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309 ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹಾಕಲು ಮಾಡುವ ಪ್ರಯತ್ನವಷ್ಟೇ ಅಪರಾಧವಾಗಿ ಉಳಿದಿದೆ. ಮುಂದಿನ ವರ್ಷಗಳಲ್ಲಿ ನಮ್ಮ ದರ ಏರಿದರೆ, ಅದರಲ್ಲಿ ಒಂದಿಷ್ಟು ಜನ ನಿಜ ಹೇಳಲು ಶುರುಮಾಡಿದ್ದರಿಂದಲೂ ಇರಬಹುದು.

ಲೆಕ್ಕ ಯಾವಾಗ ಸಿಗುತ್ತದೆ ಎಂಬುದೂ ಮುಖ್ಯ. ಹೆಂಗಸರ ಸಾವು ಏರುತ್ತಿದೆ ಎಂದು ಜಪಾನಿಗೆ ಆಯಾ ತಿಂಗಳು ಮುಗಿದ ಬೆನ್ನಿಗೇ ತಿಳಿಯಿತು. 2020ರಲ್ಲಿ ಭಾರತದಲ್ಲಿ ಏನಾಯಿತು ಎಂಬ ವರದಿ ಹೊರಬಂದದ್ದು 2021ರ ಅಕ್ಟೋಬರ್ ಕೊನೆಗೆ. ಅಷ್ಟರಲ್ಲಿ ಎರಡನೇ ಅಲೆಯೂ ಬಂದು ಹೋಗಿತ್ತು. 2022ರ ವರದಿಗೆ 2023ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಯಾವ ಜಿಲ್ಲೆಯಲ್ಲಿ, ಯಾರ ಮನೆಗಳಲ್ಲಿ ಸಾವು ಏರುತ್ತಿದೆ ಎಂದು ಆ ತಿಂಗಳೇ ಗೊತ್ತಾದರೆ ರೇಷನ್ನು, ಸಾಲದ ಕಂತಿನ ರಿಯಾಯಿತಿ, ಆಪ್ತ ಸಮಾಲೋಚಕರು, ಏನನ್ನಾದರೂ ಅಲ್ಲಿಗೆ ಕಳಿಸಬಹುದು. ವರ್ಷ ಕಳೆದ ಮೇಲೆ ಸಿಗುವ ದರದಿಂದ ಲೇಖನ ಬರೆಯಬಹುದು, ಅಷ್ಟೇ.

ಕೊರೊನಾ ನಂತರ ನಮ್ಮಲ್ಲಿ ಬಂದ ಒಂದು ಗಟ್ಟಿ ಏರ್ಪಾಡು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಇದರ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಸಾಯಬೇಕು ಅನ್ನುವ ಯೋಚನೆ ನಿಮಗೆ ಬರುತ್ತಿದ್ದರೂ, ಮನೆಯವರೋ ಗೆಳೆಯರೋ ಹಾಗೆ ಮಾತಾಡುತ್ತಿದ್ದರೂ ಆ ನಂಬರು ಒತ್ತಿ.