ಗೋಡೆ ಮೇಲೆ ಯಾರ ಮುಖ ಬರಬೇಕು?

ಗೋಡೆಚಿತ್ರ ಕಲಿಯಲು ಬರುವವರು ಮೊದಲು ಕೇಳುವುದು ಬಣ್ಣದ ಬಗ್ಗೆ. ಯಾವ ಪ್ರೈಮರ್, ಬಿಸಿಲಿಗೆ ಎಷ್ಟು ವರ್ಷ ತಡೆಯುತ್ತದೆ ಅಂತ. ನಾನು ಅವರಿಗೆ ಮೊದಲು ತೋರಿಸುವುದು ಅಮೆರಿಕದ ಷಿಕಾಗೋದಲ್ಲಿದ್ದ 'ವಾಲ್ ಆಫ್ ರೆಸ್ಪೆಕ್ಟ್' (ಗೌರವದ ಗೋಡೆ) ಎಂಬ ಗೋಡೆಚಿತ್ರದ ಫೋಟೋಗಳನ್ನು. ಗೋಡೆ ಈಗ ಇಲ್ಲ.

1967. ಊರಿನ ದಕ್ಷಿಣಕ್ಕೆ, ಕಪ್ಪು ಜನರ ಬಡಾವಣೆಯಲ್ಲಿ, 43ನೇ ಬೀದಿ ಮತ್ತು ಲ್ಯಾಂಗ್ಲಿ ಅವೆನ್ಯೂ ಸೇರುವ ಮೂಲೆಯಲ್ಲೊಂದು ಹಳೇ ಕಟ್ಟಡ. ವಿಲಿಯಂ ವಾಕರ್, ಜೆಫ್ ಡೊನಾಲ್ಡ್‌ಸನ್, ಬಾರ್ಬರಾ ಜೋನ್ಸ್ ಮುಂತಾದ ಕಪ್ಪು ಕಲಾವಿದರು ಸೇರಿ ಅದರ ಮೇಲೆ ತಮ್ಮವರ ಮುಖಗಳನ್ನು ಬರೆದರು. ಕಿಟಕಿ, ಬಾಗಿಲು, ಕಂಬಗಳ ನಡುವಿನ ಜಾಗವನ್ನೇ ಚೌಕಟ್ಟು ಮಾಡಿಕೊಂಡು ಜಾಝ್‌ಗೆ ಒಂದು ಭಾಗ, ಆಟಕ್ಕೆ ಒಂದು, ಸಾಹಿತ್ಯಕ್ಕೆ ಒಂದು ಅಂತ ಹಂಚಿಕೊಂಡರು. ಚಿತ್ರದ ಪಕ್ಕದಲ್ಲೇ ಫೋಟೋಗಳನ್ನೂ ಅಂಟಿಸಿದರು. ಕೆಲಸ ಬಲ್ಲವರಿಗೆ ಇದು ದೊಡ್ಡ ಪಾಠ.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಪಟ್ಟಿ. ಐವತ್ತಕ್ಕೂ ಜಾಸ್ತಿ ಜನ. ಬರೀ ಹೆಸರು ಮಾಡಿದ್ದರೆ ಸಾಲದು, ತಾನು ಮೇಲೆ ಬಂದಮೇಲೂ ಹಿಂದೆ ಉಳಿದವರನ್ನು ಮರೆಯದಿರಬೇಕು ಎಂಬುದು ಅವರ ಅಳತೆಗೋಲುಗಳಲ್ಲಿ ಒಂದು. ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದಿದ್ದಕ್ಕೆ ಅದೇ ವರ್ಷ ಪಟ್ಟ ಕಳೆದುಕೊಂಡ ಬಾಕ್ಸರ್ ಮುಹಮ್ಮದ್ ಅಲಿ ಗೋಡೆ ಮೇಲಿದ್ದರು. ಕಪ್ಪು ಜನರ ಉಗ್ರ ದನಿಯಾಗಿದ್ದ ಮಾಲ್ಕಂ ಎಕ್ಸ್ ಇದ್ದರು, ಅಹಿಂಸೆಯ ದಾರಿ ಹಿಡಿದ ಮಾರ್ಟಿನ್ ಲೂಥರ್ ಕಿಂಗ್ ಇರಲಿಲ್ಲ! ಒಪ್ಪುವುದು ಕಷ್ಟ, ಅಲ್ವಾ? ಆದರೆ ಆ ಆಯ್ಕೆ ಯಾವ ಕಚೇರಿಯಿಂದಲೂ ಬಂದದ್ದಲ್ಲ, ಅದಕ್ಕೇ ನನಗೆ ಅದರ ಮೇಲೆ ಗೌರವ. ಕವಯಿತ್ರಿ ಗ್ವೆಂಡೊಲಿನ್ ಬ್ರೂಕ್ಸ್ ತಮ್ಮ ಚಿತ್ರವೂ ಇದ್ದ ಆ ಗೋಡೆ ಮುಂದೆಯೇ ಕವಿತೆ ಓದಿದರು.

ಜಗಳವೂ ಆಯಿತು. ಒಬ್ಬ ಕಲಾವಿದ ಬರೆದಿದ್ದ ನಾಯಕರ ಭಾಗಕ್ಕೆ ಸುಣ್ಣ ಬಳಿದು ಇನ್ನೊಬ್ಬರಿಂದ ಬರೆಸಿದರು, ಗುಂಪು ಒಡೆಯಿತು. ನೋವಿನ ವಿಷಯ. 1971ರಲ್ಲಿ ಬೆಂಕಿ ಬಿದ್ದಮೇಲೆ ಕಟ್ಟಡವನ್ನೇ ಕೆಡವಿದರು. ಅಷ್ಟರಲ್ಲಿ ಡೆಟ್ರಾಯ್ಟ್‌ನಂಥ ಊರುಗಳಲ್ಲಿ ಇಂಥ ಗೋಡೆಗಳು ಎದ್ದಿದ್ದವು.

ಕಲಾವಿದರಷ್ಟೇ ಅಲ್ಲ, ಬಡಾವಣೆಯ ಸಾಮಾನ್ಯ ಜನರ ಕೈಯಲ್ಲೂ ಕುಂಚ ಇದ್ದರೆ ಇನ್ನೂ ಚೆನ್ನ. ಫಿಲಡೆಲ್ಫಿಯಾದಲ್ಲಿ ಇದಕ್ಕೊಂದು ಒಳ್ಳೆಯ ದಾರಿಯಿದೆ. ಪ್ಯಾರಾಚೂಟ್ ಬಟ್ಟೆಯಂಥ ತೆಳು ಬಟ್ಟೆಯ ತುಂಡುಗಳ ಮೇಲೆ ಗೆರೆ ಎಳೆದು, ಯಾವ ಜಾಗಕ್ಕೆ ಯಾವ ಬಣ್ಣ ಅಂತ ನಂಬರ್ ಹಾಕಿ ಕೊಡುತ್ತಾರೆ. ಶಾಲೆಯಲ್ಲೋ ಚರ್ಚಿನಲ್ಲೋ ಕೂತು ಮಕ್ಕಳು, ಅಜ್ಜಿಯರು, ಕುಂಚ ಹಿಡಿದೇ ಗೊತ್ತಿಲ್ಲದವರು ತುಂಬುತ್ತಾರೆ. ಆಮೇಲೆ ಅಕ್ರಿಲಿಕ್ ಜೆಲ್ ಹಚ್ಚಿ ಗೋಡೆಗೆ ಅಂಟಿಸುವುದು. ಏಣಿ ಹತ್ತಲಾಗದವರ ಕೈಕೆಲಸವೂ ಮೂರನೇ ಮಹಡಿಯ ಎತ್ತರಕ್ಕೆ ಹೋಗುತ್ತದೆ.